ಮಳೆಗಾಲದ ಹಿತ್ತಿಲು: ಎಲೆಯ ಗುಣ ಅರಿತು ಅಡುಗೆ

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ತರಕಾರಿಗೆ ಬಡತನ. ಬೇಸಿಗೆಯ ಗಿಡಗಳ ಆಯುಸ್ಸು ಮುಗಿದಿರುತ್ತದೆ. ಹೊಸದಾಗಿ ಬಿತ್ತಿದ ಹೀರೆ, ಬೆಂಡೆ, ಮೊಗೆಕಾಯಿ ಕೈಗೆ ಸಿಗಬೇಕಾದರೆ ಶ್ರಾವಣದವರೆಗೆ ಕಾಯಬೇಕು. ಪೇಟೆಯಿಂದ ತಂದ ಟೊಮೆಟೊ ಎರಡೇ ದಿನಕ್ಕೆ ನೀರಾಗುತ್ತದೆ. ಆದರೆ ಇದೇ ಹೊತ್ತಿಗೆ ಹಿತ್ತಿಲಿನಲ್ಲಿ ಎಲೆಗಳು ಉಕ್ಕಿ ಬರುತ್ತವೆ. ಬಾವಿಕಟ್ಟೆಯ ಸುತ್ತ ಒಂದೆಲಗ, ಜಗಲಿಯ ಪಕ್ಕದಲ್ಲಿ ದೊಡ್ಡಪತ್ರೆ, ತೋಟದ ಅಂಚಿನಲ್ಲಿ ಕೆಸು, ಚಪ್ಪರದ ಮೇಲೆ ಬಸಳೆ. ಇವಿಷ್ಟು ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊಟಕ್ಕೆ ಕೊರತೆಯಿಲ್ಲ.

ಹೊಸದಾಗಿ ಮನೆ ಹೂಡಿದ ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಒಂದೇ ಮಾತು: ಎಲ್ಲ ಎಲೆಗೂ ಒಂದೇ ಮಸಾಲೆ ಸುರಿಯಬೇಡಿ. ಒಂದು ಎಲೆ ಹಸಿಯಾಗಿಯೇ ಚೆಂದ, ಇನ್ನೊಂದಕ್ಕೆ ತುಪ್ಪದ ಬಿಸಿ ತಾಗಲೇಬೇಕು, ಮತ್ತೊಂದು ಹುಳಿಯಿಲ್ಲದಿದ್ದರೆ ಗಂಟಲನ್ನೇ ಹಿಡಿಯುತ್ತದೆ. ಸಾಂಬಾರು ಪುಡಿಯ ಡಬ್ಬಿ ತೆಗೆಯುವ ಮೊದಲು ಎಲೆಯನ್ನು ಕೈಯಲ್ಲಿ ಹಿಸುಕಿ ಮೂಸಿ ನೋಡಿ. ಅದಕ್ಕೆ ಏನು ಬೇಕು ಎಂಬುದು ಅರ್ಧ ಅಲ್ಲಿಯೇ ತಿಳಿಯುತ್ತದೆ.

ದೊಡ್ಡಪತ್ರೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇದು ಬೆಂಗಳೂರಿನ ಬಾಲ್ಕನಿಯ ಕುಂಡದಲ್ಲೂ ಬೆಳೆಯುತ್ತದೆ. ಗೇಣುದ್ದದ ಟೊಂಗೆ ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಎಲೆ ದಪ್ಪ, ಅಂಚು ಗರಗಸದಂತೆ, ಮೂಸಿದರೆ ಓಮದ ಘಾಟು. ಈ ಘಾಟನ್ನು ಇಳಿಸುವುದೇ ತಂಬುಳಿಯ ಕೆಲಸ. ನಾಲ್ಕು ಜನರಿಗೆ ಹನ್ನೆರಡು ಹದಿನೈದು ಎಲೆ ಸಾಕು. ಬಾಣಲೆಯಲ್ಲಿ ಒಂದು ಚಮಚ ತುಪ್ಪ ಬಿಸಿ ಮಾಡಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹಾಕಿ. ಜೀರಿಗೆ ಸಿಡಿದ ಮೇಲೆ ಎಲೆಗಳನ್ನು ಹರಿದು ಹಾಕಿ ಉರಿ ಸಣ್ಣ ಮಾಡಿ. ಮೊದಲು ಎಲೆ ನೀರು ಬಿಡುತ್ತದೆ. ಆ ನೀರು ಆರುತ್ತಿದ್ದಂತೆ ಎಲೆ ಕುಗ್ಗಿ, ಎಳೆಹಸಿರು ಹೋಗಿ ಮಂಕು ಹಸಿರಾಗುತ್ತದೆ. ಅಲ್ಲಿಯವರೆಗೆ ಮೂಗಿಗೆ ಹೊಡೆಯುತ್ತಿದ್ದ ಘಾಟು ಮೆತ್ತಗಾಗಿ ತುಪ್ಪದ ಪರಿಮಳದೊಂದಿಗೆ ಬೆರೆಯುತ್ತದೆ. ಒಲೆ ಆರಿಸಬೇಕಾದ ಕ್ಷಣ ಅದೇ. ಇನ್ನೂ ಹುರಿದರೆ ಎಲೆ ಕಂದಾಗಿ ಕಹಿ ಸೇರುತ್ತದೆ.

ಹುರಿದದ್ದು ಪೂರ್ತಿ ತಣ್ಣಗಾಗಲಿ. ಇಲ್ಲಿ ಅವಸರ ಮಾಡಿದರೆ ಮುಂದೆ ಮಜ್ಜಿಗೆ ಒಡೆಯುತ್ತದೆ. ಅರ್ಧ ಬಟ್ಟಲು ಹಸಿ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ತೆಂಗಿನತುರಿಯನ್ನು ಹುರಿಯಬಾರದು, ಹಸಿ ಕಾಯಿಯ ಸಿಹಿಯೇ ತಂಬುಳಿಗೆ ಬೇಕಾದದ್ದು. ಒಂದೂವರೆ ಬಟ್ಟಲು ಕಡೆದ ಮಜ್ಜಿಗೆ, ಉಪ್ಪು ಬೆರೆಸಿ, ಮೇಲೆ ತುಪ್ಪದಲ್ಲಿ ಸಾಸಿವೆ, ಒಂದು ಬ್ಯಾಡಗಿ ಮೆಣಸಿನ ಒಗ್ಗರಣೆ ಕೊಡಿ. ಮಜ್ಜಿಗೆ ಅಂದಿನದಾಗಿರಲಿ. ಎರಡು ದಿನದ ಹುಳಿ ಮಜ್ಜಿಗೆ ಎಲೆಯ ರುಚಿಯನ್ನು ನುಂಗಿಬಿಡುತ್ತದೆ. ತಂಬುಳಿಯನ್ನು ಯಾವ ಕಾರಣಕ್ಕೂ ಒಲೆಯ ಮೇಲೆ ಇಡಬೇಡಿ. ಊಟದ ಮೊದಲಿಗೇ ಬಿಸಿ ಅನ್ನಕ್ಕೆ ಕಲಸಿಕೊಳ್ಳಿ. ಖಾರದ ಹುಳಿ ಉಂಡ ನಾಲಿಗೆಗೆ ತಂಬುಳಿಯ ನಯ ತಿಳಿಯುವುದಿಲ್ಲ.

ಒಂದೆಲಗದ ರೀತಿಯೇ ಬೇರೆ. ಇದನ್ನು ಹುರಿಯಬೇಡಿ. ಒಂದು ಹಿಡಿ ಎಲೆ, ಎಳೆಯ ದಂಟು, ಬೇಕಾದರೆ ಬೇರು ಸಮೇತ ಹಸಿಯಾಗಿಯೇ ತೆಂಗಿನತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸುವುದು. ಬಣ್ಣ ಗಿಳಿಹಸಿರು, ರುಚಿಯಲ್ಲಿ ಸಣ್ಣ ಒಗರು. ಹಸಿಯಾಗಿ ತಿನ್ನುವುದರಿಂದ ಎರಡು ವಿಷಯದಲ್ಲಿ ಎಚ್ಚರ ಬೇಕು. ಇದು ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ, ಮಳೆಯ ಹನಿ ಸಿಡಿದು ಎಲೆಯ ಬೆನ್ನಿಗೆಲ್ಲ ಕೆಸರು ಮೆತ್ತಿರುತ್ತದೆ. ಬುಟ್ಟಿಯಲ್ಲಿಟ್ಟು ನೀರು ಸುರಿದರೆ ಹೋಗುವ ಕೆಸರಲ್ಲ ಅದು. ಅಗಲ ಪಾತ್ರೆಯಲ್ಲಿ ಮುಳುಗಿಸಿ, ಕೈಯಾಡಿಸಿ, ಎಲೆಯನ್ನು ಮೇಲೆತ್ತಿ ನೀರು ಚೆಲ್ಲಬೇಕು. ತಳದಲ್ಲಿ ಮರಳು ಕಾಣದ ತನಕ ನೀರು ಬದಲಿಸಿ, ಕೊನೆಗೆ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಎರಡನೆಯದು ಜಾಗ. ಒಂದೆಲಗಕ್ಕೆ ತೇವ ಇಷ್ಟ, ಹಾಗಾಗಿ ಬಚ್ಚಲ ನೀರು ಹರಿಯುವಲ್ಲಿ ಸೊಂಪಾಗಿ ಬೆಳೆದಿರುತ್ತದೆ. ಎಷ್ಟೇ ಚೆಂದ ಕಂಡರೂ ಅಲ್ಲಿಂದ ಕೊಯ್ಯಬೇಡಿ. ಗಂಟಿನಲ್ಲಿ ಬೇರಿರುವ ನಾಲ್ಕು ತುಂಡು ತಂದು ಕುಂಡದಲ್ಲಿ ಬೇರೆಯಾಗಿ ಬೆಳೆಸಿಕೊಳ್ಳಿ.

ಎಲೆ ಸಿಗದ ದಿನ ಅರ್ಧ ಚಮಚ ಮೆಂತೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಇದೇ ಕ್ರಮದಲ್ಲಿ ತಂಬುಳಿ ಮಾಡಬಹುದು. ದಾಳಿಂಬೆಯ ಒಣಗಿಸಿಟ್ಟ ಸಿಪ್ಪೆಯಿಂದಲೂ ಆಗುತ್ತದೆ, ಆದರೆ ಒಗರು ಜೋರು, ಉಗುರಗಲದ ತುಂಡು ಸಾಕು.

ಚಕ್ರಮುನಿ ಸೊಪ್ಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಲಿಯಲ್ಲಿ ತಾನಾಗಿ ಚಿಗುರುವ ಈ ಸೊಪ್ಪು ಪಲ್ಯಕ್ಕೆ, ತೊವ್ವೆಗೆ ಬಹಳ ಒಳ್ಳೆಯದು. ಇತ್ತೀಚೆಗೆ ಕೆಲವರು ಇದರ ಹಸಿ ರಸವನ್ನು ಲೋಟಗಟ್ಟಲೆ ಕುಡಿಯಲು ಶುರುಮಾಡಿದ್ದಾರೆ. ದಯವಿಟ್ಟು ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ದಿನವೂ ಕುಡಿದ ಅನೇಕರ ಶ್ವಾಸಕೋಶ ಕೆಟ್ಟು, ಜೀವಕ್ಕೇ ಅಪಾಯವಾದದ್ದು ವೈದ್ಯಕೀಯ ದಾಖಲೆಯಲ್ಲಿದೆ. ನಮ್ಮ ಹಿರಿಯರು ಬೇಯಿಸಿ, ಅದೂ ಆಗೀಗ, ಒಂದು ಹಿಡಿ ತಿನ್ನುತ್ತಿದ್ದರು. ಅದೇ ಕ್ರಮ ಸರಿ.

ಇನ್ನು ಕೆಸು. ಪತ್ರೊಡೆ ಇಲ್ಲದ ಮಳೆಗಾಲವನ್ನು ನಾನು ಊಹಿಸಿಕೊಳ್ಳಲಾರೆ, ಹಾಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಸೊಸೆ ಬೆಂಗಳೂರಿನಿಂದ ಮೊಬೈಲ್‌ನಲ್ಲಿ "ಅತ್ತೆ, ಎಲ್ಲ ನೀವು ಹೇಳಿದ ಹಾಗೆಯೇ ಮಾಡಿದೆ, ಆದರೂ ಗಂಟಲು ತುರಿಸುತ್ತಿದೆ" ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ "ಹುಣಸೆ ಎಷ್ಟು ಹಾಕಿದೆ?" ಎಂದು. ಮಕ್ಕಳಿಗೆ ಹುಳಿ ಹೆಚ್ಚಾಗಬಾರದು ಎಂದು ಅವಳು ಅರ್ಧಕ್ಕಿಳಿಸಿದ್ದಳು. ಕೆಸುವಿನ ಎಲೆ, ದಂಟು, ಗೆಡ್ಡೆ ಮೂರರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ತುರಿಕೆ ಅವುಗಳಿಂದಲೇ. ಸಾಕಷ್ಟು ಹುಳಿ ಮತ್ತು ಚೆನ್ನಾಗಿ ಬೇಯುವುದು, ಎರಡೂ ಕೂಡಿದರೆ ಮಾತ್ರ ಅದು ಇಳಿಯುತ್ತದೆ. ಇಲ್ಲಿ ಮಜ್ಜಿಗೆಯ ಹುಳಿ ಸಾಲದು. ಹುಣಸೆ ಬೇಕು, ಅಥವಾ ಒಣಗಿಸಿದ ವಾಟೆಹುಳಿ.

ಎಲೆ ಆರಿಸುವಾಗಲೇ ಅರ್ಧ ಗೆಲುವು. ಕಪ್ಪು ದಂಟಿನ ಕರಿಕೆಸು ಪತ್ರೊಡೆಗೆ ಒಳ್ಳೆಯದು. ಅದಕ್ಕಿಂತಲೂ ಮೇಲು ಮರಕೆಸು. ಮಳೆ ಶುರುವಾದ ಮೇಲೆ ಹಳೆಯ ಮರಗಳ ಕವಲಿನಲ್ಲಿ, ಪಾಚಿಯ ನಡುವೆ ಚಿಗುರುವ ಈ ಎಲೆ ತೆಳು, ಮೃದು. ಪೂರ್ತಿ ಬಲಿತ ಎಲೆ ಬೇಡ, ಸುರುಳಿ ಬಿಚ್ಚಿ ಆಗಷ್ಟೇ ಅಗಲವಾದದ್ದು ಇರಲಿ. ಗುರುತು ಗೊತ್ತಿಲ್ಲದ ಕಾಡುಕೆಸುವಿಗೆ ಕೈ ಹಾಕಬೇಡಿ, ನೋಡಲು ಒಂದೇ ತರಹ ಇರುವ ತಿನ್ನಬಾರದ ಜಾತಿಗಳಿವೆ. ತಿಳಿದವರಿಗೆ ತೋರಿಸಿಯೇ ಕೊಯ್ಯಿರಿ. ತಂದ ಎಲೆಯನ್ನು ಒರೆಸಿ, ನೆರಳಿನಲ್ಲಿ ಸ್ವಲ್ಪ ಬಾಡಲು ಬಿಡಿ. ಬಾಡಿದ ಎಲೆ ಸುತ್ತುವಾಗ ಹರಿಯುವುದಿಲ್ಲ. ಮುಟ್ಟುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಎಲೆಯ ಬೆನ್ನಿನ ದಪ್ಪ ನರಗಳನ್ನು ಚೂರಿಯಿಂದ ಹೆರೆದು ತೆಗೆಯಿರಿ.

ಹನ್ನೆರಡು ಹದಿನೈದು ಮಧ್ಯಮ ಎಲೆಗೆ ಎರಡು ಲೋಟ ದೋಸೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ. ಎಂಟು ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ ಇಷ್ಟನ್ನು ಸ್ವಲ್ಪವೇ ಹುರಿದುಕೊಳ್ಳಿ. ಒಂದು ಲೋಟ ತೆಂಗಿನತುರಿ, ದೊಡ್ಡ ನಿಂಬೆ ಗಾತ್ರದ ಹುಣಸೆ, ಅಷ್ಟೇ ಬೆಲ್ಲ, ಅರಿಶಿನ, ಉಪ್ಪು ಸೇರಿಸಿ ಮೊದಲು ಈ ಮಸಾಲೆಯನ್ನು ನುಣ್ಣಗೆ ರುಬ್ಬಿ, ಆಮೇಲೆ ಅಕ್ಕಿ ಹಾಕಿ ಸಣ್ಣ ರವೆಯ ಹದಕ್ಕೆ ನಿಲ್ಲಿಸಿ. ಎರಡನ್ನೂ ಒಟ್ಟಿಗೆ ರುಬ್ಬಿದರೆ ಅಕ್ಕಿ ನುಣ್ಣಗಾಗಿ ಹುಣಸೆಯ ನಾರು ಹಾಗೆಯೇ ಉಳಿಯುತ್ತದೆ. ಹಿಟ್ಟು ಕೈಯಿಂದ ಜಾರಬಾರದು, ಎಲೆಗೆ ಮೆತ್ತಿದರೆ ಅಲ್ಲೇ ನಿಲ್ಲಬೇಕು.

ಮಣೆಯ ಮೇಲೆ ದೊಡ್ಡ ಎಲೆಯನ್ನು ಬೆನ್ನು ಮೇಲೆ ಬರುವಂತೆ ಹಾಸಿ, ಹಿಟ್ಟನ್ನು ತೆಳ್ಳಗೆ, ಅಂಚಿನವರೆಗೂ ಸವರಿ. ಅದರ ಮೇಲೆ ಎರಡನೆಯ ಎಲೆಯನ್ನು ತುದಿ ಎದುರು ದಿಕ್ಕಿಗೆ ಬರುವಂತೆ ಇಡಿ. ಹೀಗೆ ಐದಾರು ಎಲೆ ಆದ ಮೇಲೆ ಎರಡೂ ಬದಿ ಒಳಕ್ಕೆ ಮಡಿಸಿ, ಬಿಗಿಯಾಗಿ ಸುರುಳಿ ಸುತ್ತಿ, ಮಡಿಕೆಗಳ ನಡುವೆಯೂ ಹಿಟ್ಟು ಸವರುತ್ತಾ ಬನ್ನಿ. ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಲಿ. ಅರ್ಧ ಗಂಟೆಗೆ ಹಿಟ್ಟು ಬೆಂದಂತೆ ಕಾಣುತ್ತದೆ, ಆದರೆ ಒಳಗಿನ ಎಲೆ ಬೆಂದಿರುವುದಿಲ್ಲ. ನಡುವಿನವರೆಗೆ ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದೆ ಬರಬೇಕು. ಪೂರ್ತಿ ತಣಿದ ಮೇಲೆಯೇ ಕೊಯ್ಯಿರಿ, ಬಿಸಿಯಲ್ಲಿ ಕೊಯ್ದರೆ ಬಿಲ್ಲೆ ಬಿಚ್ಚಿಕೊಳ್ಳುತ್ತದೆ. ಕಾವಲಿಯ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಬೇಯಿಸಿ ತಿನ್ನಿ. ಮರುದಿನ ಉಳಿದದ್ದನ್ನು ಪುಡಿ ಮಾಡಿ, ಸಾಸಿವೆ, ಕರಿಬೇವಿನ ಒಗ್ಗರಣೆಗೆ ಹಾಕಿ, ಬೆಲ್ಲ, ಕಾಯಿತುರಿ ಬೆರೆಸಿದರೆ ಬೆಳಗಿನ ತಿಂಡಿಯಾಯಿತು. ನನಗೆ ಮೊದಲ ದಿನದ್ದಕ್ಕಿಂತ ಇದೇ ಹೆಚ್ಚು ಇಷ್ಟ.

ಇಷ್ಟೆಲ್ಲ ಮಾಡಿಯೂ ಗಂಟಲು ಸ್ವಲ್ಪ ತುರಿಸಿದರೆ ಒಂದು ತುಂಡು ಬೆಲ್ಲ ಚೀಪಿ ಅಥವಾ ಗಟ್ಟಿ ಮೊಸರು ತಿನ್ನಿ. ನಾಲಿಗೆ, ತುಟಿ ಊದಿಕೊಂಡರೆ ಮನೆಮದ್ದು ಎಂದು ಕೂರಬೇಡಿ, ತಕ್ಷಣ ವೈದ್ಯರಲ್ಲಿಗೆ ಹೋಗಿ. ಮೂತ್ರಪಿಂಡದಲ್ಲಿ ಕಲ್ಲಾಗಿರುವವರು ಕೆಸು, ಬಸಳೆ ಎರಡನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು.

ಬಸಳೆಗೆ ಇಷ್ಟು ಕಷ್ಟವಿಲ್ಲ. ದಂಟನ್ನು ಬೆರಳುದ್ದಕ್ಕೆ ಕತ್ತರಿಸಿ ಮೊದಲು ಬೇಯಿಸಿ, ಎಲೆಯನ್ನು ಕೊನೆಗೆ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ದಂಟು ಬೇಯುವಷ್ಟರಲ್ಲಿ ಎಲೆ ಲೋಳೆಯಾಗುತ್ತದೆ. ಹಲಸಿನ ಬೀಜ ಜೊತೆಗಿದ್ದರೆ ಬಸಳೆಯ ಹುಳಿಗೆ ಬೇರೇನೂ ಬೇಡ. ಬೇಸಿಗೆಯ ಕೊನೆಗೆ ಬೀಜಗಳನ್ನು ತೊಳೆದು, ಒಣಗಿಸಿ, ಕೆಮ್ಮಣ್ಣಿನಲ್ಲಿ ಬೆರೆಸಿ ಮೂಲೆಯಲ್ಲಿ ಗುಡ್ಡೆ ಹಾಕಿಟ್ಟರೆ ಮಳೆಗಾಲವಿಡೀ ಒಣಗದೆ ಉಳಿಯುತ್ತವೆ. ಮಸಾಲೆಗೆ ಕಾಯಿ, ಕೆಂಪು ಮೆಣಸು, ಚೂರು ಹುಣಸೆ, ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಿಕೊಳ್ಳಬಹುದು. ಕೊಯ್ಯುವಾಗ ಬಳ್ಳಿಯ ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕತ್ತರಿಸಿದರೆ ಅಲ್ಲಿಂದ ಮತ್ತೆ ಚಿಗುರುತ್ತದೆ. ಅಡುಗೆಗೆ ಬಾರದ ಬಲಿತ ದಂಟನ್ನು ಎಸೆಯದೆ ಮಣ್ಣಿಗೆ ಊರಿ.

ಚಗಟೆ ಸೊಪ್ಪು ಮೊದಲ ಮಳೆಯ ಎಳೆ ಕುಡಿಯಲ್ಲಿ ಮಾತ್ರ ರುಚಿ. ಬಲಿತರೆ ವಾಸನೆ ಬರುತ್ತದೆ, ಆಮೇಲೆ ಅದರ ಗೊಡವೆ ಬೇಡ.

ಇಷ್ಟು ಎಲೆಗಳ ಊಟಕ್ಕೆ ಕೊನೆಯಲ್ಲಿ ಬಿಸಿಯಾದ, ತೆಳ್ಳಗಿನ ಒಂದು ಸಾರು ಬೇಕೆನಿಸುತ್ತದೆ. ಅದಕ್ಕೆ ಮುರುಗಲು, ಕರಾವಳಿಯವರ ಪುನರ್ಪುಳಿ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾದದ್ದನ್ನು ಮಳೆಗೆ ಮುಂಚೆ ಕೊಯ್ದು, ಬೀಜ ತೆಗೆದು, ಸಿಪ್ಪೆಗೆ ಉಪ್ಪು ಹಚ್ಚಿ ಬಿಸಿಲಿನಲ್ಲಿ ಕಪ್ಪಗಾಗುವ ತನಕ ಒಣಗಿಸಿ ಗಾಜಿನ ಭರಣಿಯಲ್ಲಿ ತುಂಬಿಡಬೇಕು. ಐದಾರು ಸಿಪ್ಪೆಯನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನಾಲ್ಕು ಲೋಟ ನೀರಿನಲ್ಲಿ ಸೀಳಿದ ಹಸಿಮೆಣಸು, ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕಿ ಕುದಿಸಿ. ಸಿಪ್ಪೆಯಲ್ಲಿ ಆಗಲೇ ಉಪ್ಪಿರುತ್ತದೆ, ಹಾಗಾಗಿ ರುಚಿ ನೋಡಿದ ಮೇಲೆಯೇ ಉಪ್ಪು ಸೇರಿಸಿ. ಅಲ್ಯೂಮಿನಿಯಂ, ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಸ್ಟೀಲ್ ಅಥವಾ ಕಲ್ಲಿನ ಪಾತ್ರೆ ಇರಲಿ. ತುಪ್ಪದಲ್ಲಿ ಜೀರಿಗೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ ಕೊಟ್ಟು ಕೂಡಲೇ ಮುಚ್ಚಿ, ಬಡಿಸುವಾಗ ಮುಚ್ಚಳ ತೆಗೆಯಿರಿ. ಅನ್ನಕ್ಕೆ ಕಲಸಿದಷ್ಟು ಕಲಸಿ, ಉಳಿದದ್ದನ್ನು ಲೋಟಕ್ಕೆ ಹಾಕಿ ಕುಡಿಯಬಹುದು.