ಥರ್ಮೋಸ್ಟಾಟ್ ಕಿತ್ತೆಸೆಯುವ ಮುನ್ನ ಕುದಿಯುವ ನೀರಿಗೆ ಹಾಕಿ ನೋಡಿ

ಘಾಟಿ ಹತ್ತುವಾಗ ಇಂಜಿನ್ ಹೀಟ್ ಆಯಿತೆಂದು ಗ್ಯಾರೇಜಿಗೆ ಹೋದರೆ, ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ ಸಾರ್, ತೆಗೆದುಬಿಡೋಣ’ ಎನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಒಪ್ಪಬೇಡಿ. ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ತನ್ನ ಬಿಸಿ ಆರಿಸಿಕೊಳ್ಳಲು ರೇಡಿಯೇಟರ್ ಕಡೆಗೆ ಯಾವಾಗ ಹೋಗಬೇಕೆಂದು ನಿರ್ಧರಿಸುವ ವಾಲ್ವೇ ಥರ್ಮೋಸ್ಟಾಟ್.

ಥರ್ಮೋಸ್ಟಾಟ್‌ನ ಒಳಗಿರುವುದು ಒಂದು ಸಣ್ಣ ಲೋಹದ ಡಬ್ಬಿ, ಅದರ ತುಂಬ ಮೇಣ. ಇಂಜಿನ್ ತಣ್ಣಗಿದ್ದಾಗ ವಾಲ್ವ್ ಮುಚ್ಚಿರುತ್ತದೆ. ಕೂಲೆಂಟ್ ರೇಡಿಯೇಟರ್ ಕಡೆಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತಾ ಬೇಗ ಬಿಸಿಯಾಗುತ್ತದೆ. 82 ಅಥವಾ 88 ಡಿಗ್ರಿ ಸೆಲ್ಸಿಯಸ್ (ಎಷ್ಟೆಂಬುದು ಸಾಮಾನ್ಯವಾಗಿ ಅದರ ಲೋಹದ ಬಿಲ್ಲೆಯ ಮೇಲೇ ಕೆತ್ತಿರುತ್ತದೆ) ಮುಟ್ಟಿದಾಗ ಮೇಣ ಕರಗಿ ಉಬ್ಬುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ. ಇನ್ನೊಂದು 10–15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ತಣಿದರೆ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ.

ಇದನ್ನು ತೆಗೆದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ತುಂಬ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಆಯಿಲ್‌ನಲ್ಲಿ ಸೇರಿದ ತೇವ ಆರುವುದಿಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಹಲವು ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು (ರೇಡಿಯೇಟರ್ ಬಿಟ್ಟು ಇಂಜಿನ್ನಿಗೇ ಮರಳುವ ದಾರಿ) ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇದ್ದು, ಕೂಲೆಂಟ್‌ನ ಒಂದು ಪಾಲು ರೇಡಿಯೇಟರ್ ಮುಟ್ಟದೆಯೇ ವಾಪಸ್ ಬರುತ್ತದೆ. ಹೀಟ್ ಕಡಿಮೆ ಮಾಡಲು ಹೋಗಿ ಹೀಟ್ ಹೆಚ್ಚಾಗುವುದು ಹೀಗೆ.

ಹಾಗಂತ ಎಲ್ಲ ಹೀಟಿಂಗ್‌ಗೂ ಥರ್ಮೋಸ್ಟಾಟನ್ನೇ ದೂರಬೇಡಿ. ಮೊದಲು ಕೂಲೆಂಟ್ ಮಟ್ಟ ನೋಡಿ. ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗಿ ಹೈವೇಯಲ್ಲಿ ಸರಿಹೋಗುತ್ತಿದ್ದರೆ ಸಂಶಯ ಫ್ಯಾನ್ ಮೇಲೆ. ವೇಗದಲ್ಲಿ, ಏರುದಾರಿಯಲ್ಲಿ ಹೀಟ್ ಆಗುತ್ತಿದ್ದರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲವೇ ವಾಲ್ವ್ ಅರ್ಧಕ್ಕೇ ನಿಲ್ಲುತ್ತಿರಬಹುದು.

ಪತ್ತೆ ಹಚ್ಚುವುದಕ್ಕೆ ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಕೈ ಫ್ಯಾನಿನಿಂದ ದೂರವಿರಲಿ. ಕೆಲ ನಿಮಿಷ ತಣ್ಣಗಿದ್ದು ನಂತರ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಚೆನ್ನಾಗಿದೆ. ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಅದು ತೆರೆದೇ ಸಿಕ್ಕಿಕೊಂಡಿದೆ. ಟೆಂಪರೇಚರ್ ಮೀಟರ್ ಮುಳ್ಳು ಕೆಂಪಿನತ್ತ ಏರಿದರೂ ಪೈಪ್ ತಣ್ಣಗೇ ಇದ್ದರೆ ಮುಚ್ಚಿಕೊಂಡು ಸಿಕ್ಕಿಕೊಂಡಿದೆ, ತಕ್ಷಣ ಆಫ್ ಮಾಡಿ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋದರೆ ಖರ್ಚು ಎಲ್ಲೋ ಹೋಗಿ ನಿಲ್ಲುತ್ತದೆ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಪೈಪಿನ ಬುಡದಲ್ಲಿರುತ್ತದೆ; ಅಲ್ಲಿ ಇದೇ ಪರೀಕ್ಷೆಯನ್ನು ಕೆಳಗಿನ ಪೈಪಿನಲ್ಲಿ ಮಾಡಬೇಕು. ಮೀಟರ್ ಇಲ್ಲದ ಕಾರಾದರೆ ತಣ್ಣನೆಯ ಇಂಜಿನ್ನಿಗೆ ಹೊತ್ತಿಕೊಳ್ಳುವ ನೀಲಿ ದೀಪ ಗಮನಿಸಿ. ತುಂಬ ಹೊತ್ತು ಆರದಿದ್ದರೆ ವಾಲ್ವ್ ತೆರೆದೇ ಇರಬಹುದು. ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ0128 ಎಂಬ ಕೋಡ್ ಬರುವುದೂ ಸಾಮಾನ್ಯವಾಗಿ ಇದಕ್ಕೇ.

ಬಿಚ್ಚುವ ಕೆಲಸ ಇಂಜಿನ್ ಪೂರ್ತಿ ತಣಿದ ಮೇಲೆಯೇ. ಬಿಸಿ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟನ್ನು ಬೋಗುಣಿಗೆ ಇಳಿಸಿಕೊಳ್ಳಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ; ಹಾಗಾಗಿ ನೆಲದಲ್ಲಿ ಬಿಡಬೇಡಿ. ಹೋಸ್ ಕ್ಲಿಪ್ ಸಡಿಲಿಸಿ, ಥರ್ಮೋಸ್ಟಾಟ್ ಮುಚ್ಚಿರುವ ಕವಚದ, ಅಂದರೆ ಹೌಸಿಂಗ್‌ನ ಬೋಲ್ಟ್‌ಗಳನ್ನು (ಹೆಚ್ಚಿನವಕ್ಕೆ 10ರ ಸ್ಪ್ಯಾನರ್ ಸಾಕು) ತೆಗೆದರೆ ಥರ್ಮೋಸ್ಟಾಟ್ ಕೈಗೆ ಬರುತ್ತದೆ. ಪ್ಲಾಸ್ಟಿಕ್ ಹೌಸಿಂಗ್‌ನ ಜೊತೆಗೇ ಕೂಡಿ ಬರುವ ಮಾದರಿಯಾದರೆ ಇಡೀ ಜೋಡಣೆಯನ್ನೇ ಬದಲಿಸಬೇಕು.

ಈಗ ಪರೀಕ್ಷೆ. ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ತಳ ತಾಗದಂತೆ ತಂತಿಯಲ್ಲಿ ಇಳಿಬಿಡಿ. ತಳ ತಾಗಿದರೆ ನೀರಿಗಿಂತ ಮುಂಚೆ ಅದೇ ಬಿಸಿಯಾಗಿ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್ ಇರಲಿ. ಕೆತ್ತಿದ ಡಿಗ್ರಿಯ ಆಚೀಚೆ ಎರಡು ಮೂರು ಡಿಗ್ರಿಯಲ್ಲಿ ತೆರೆಯಲಾರಂಭಿಸಿ, ನೀರು ಕುದಿಯುವಷ್ಟರಲ್ಲಿ ಸುಮಾರು 8 ಮಿಲಿಮೀಟರ್ ಎದ್ದು, ಆಚೆ ತೆಗೆದಾಗ ಬಿಗಿಯಾಗಿ ಮುಚ್ಚಬೇಕು. ಎಳೆದಾಡುತ್ತಾ, ತಡವರಿಸುತ್ತಾ ತೆರೆದರೆ ಹೊಸದು ಹಾಕಿ. ಇದನ್ನು ರಿಪೇರಿ ಮಾಡಲು ಬರುವುದಿಲ್ಲ.

ಕೂರಿಸುವಾಗ ಮೇಣದ ಡಬ್ಬಿ, ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ. ಬಿಲ್ಲೆಯಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ. ಸಿಕ್ಕಿಬಿದ್ದ ಗಾಳಿ ಹೊರಹೋಗುವುದೇ ಅಲ್ಲಿಂದ. ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಕೆರೆದು ತೆಗೆದು ಹೊಸದನ್ನೇ ಹಾಕಿ. ಬೋಲ್ಟನ್ನು ಸುಮಾರು 10 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಡಬಹುದು.

ತುಂಬುವುದಕ್ಕೆ ಕಂಪನಿ ಹೇಳಿದ ಬಗೆಯ ಕಾನ್ಸಂಟ್ರೇಟ್ (ನೀರು ಬೆರೆಸದ) ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಸಮಸಮ. ಬಣ್ಣ ಒಂದೇ ಎಂದು ಬೇರೆ ಬೇರೆ ಕೂಲೆಂಟ್ ಬೆರೆಸಬೇಡಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ: ಕೋಲಾರ, ಚಿತ್ರದುರ್ಗದ ಕಡೆಯ ಗಡಸು ನೀರಿನ ಸುಣ್ಣ ವಾಲ್ವ್ ಅಂಚಿಗೆ ಹಿಡಿದು ಅದು ಅಂಟಿಕೊಳ್ಳುವುದಕ್ಕೆ ಅದೇ ಕಾರಣವಾಗುತ್ತದೆ. ಹೀಟರ್ ಗುಂಡಿ ಪೂರ್ತಿ ಬಿಸಿಗಿಟ್ಟು, ಮುಚ್ಚಳ ತೆರೆದೇ ಇಂಜಿನ್ ಓಡಿಸಿ. ಗುಳ್ಳೆ ನಿಂತು, ಮೇಲಿನ ಪೈಪ್ ಬಿಸಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಬನ್ನಿ. ಉಕ್ಕಿ ಬರುವ ಲಕ್ಷಣ ಕಂಡರೆ ಆಫ್ ಮಾಡಿ ತಣಿಯಲು ಬಿಡಿ. ನಂತರ ಮುಚ್ಚಳ ಹಾಕಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಮರುದಿನ ತಣ್ಣನೆಯ ಇಂಜಿನ್ನಿನಲ್ಲಿ ಮಟ್ಟ ನೋಡಿ. ಇಳಿದಿದ್ದರೆ ಹೌಸಿಂಗ್ ಸುತ್ತ ಒದ್ದೆ ಅಥವಾ ಒಣಗಿದ ಬಿಳಿ ಕಲೆ ಹುಡುಕಿ; ಇದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ.