ಪ್ಲೇಸ್‌ಮೆಂಟಿಗೆ ಬಂದವರಿಗೆ ಮೊದಲ 4 ವಾರ ಬಣ್ಣ ಕೊಡಲಿಲ್ಲ

ಪ್ಲೇಸ್‌ಮೆಂಟ್ ಎಂದರೆ ಕಲಾಚಿಕಿತ್ಸೆಯ ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿ. ಅದಕ್ಕೆ ಬಂದವರನ್ನು ಮೊದಲ 4 ವಾರ ಬಣ್ಣವಿಲ್ಲದೆ ಮಕ್ಕಳ ಜೊತೆ ಸುಮ್ಮನೆ ಕೂರಿಸುತ್ತೇನೆ. "ಸುಮ್ಮನೆ ಕೂರುವುದಕ್ಕೆ ಬಸ್ ಚಾರ್ಜು ಯಾಕೆ?" ಎಂದವರೇ ಈಗ ಮುಂದಿನ ಬ್ಯಾಚ್ ಯಾವಾಗ ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ವಿಶೇಷ ಮಕ್ಕಳ ಜೊತೆ ಕಲಾಚಿಕಿತ್ಸೆಯ ವಿದ್ಯಾರ್ಥಿಗಳನ್ನು ಪಳಗಿಸಲು ಹೊರಟಾಗ ನಾನೂ ಎಲ್ಲರ ಹಾಗೇ ಶುರುಮಾಡಿದ್ದು: 3 ವಿದ್ಯಾರ್ಥಿಗಳು, 12 ಮಕ್ಕಳು, ಮೇಜಿನ ತುಂಬ ಸಾಮಾನು. ಸುಮಾರು ಎರಡೂವರೆ ಸಾವಿರದ ಪೋಸ್ಟರ್ ಕಲರ್, ಗ್ಲಿಟರ್ ಒಂದೇ ತಿಂಗಳಲ್ಲಿ ಖಾಲಿ. ಗೋಡೆ ತುಂಬ ಚಿತ್ರ ಬಂತು. ಒಂದು ಮಗುವಿನ ಬಗ್ಗೆಯೂ ಎರಡು ಸಾಲು ಬರೆಯಲಾಗಲಿಲ್ಲ. ಅದು ಡ್ರಾಯಿಂಗ್ ಕ್ಲಾಸು, ಕಲಾಚಿಕಿತ್ಸೆಯಲ್ಲ.

ಈಗ ಒಬ್ಬ ವಿದ್ಯಾರ್ಥಿಗೆ ಎರಡೇ ಮಕ್ಕಳು. ವಾರಕ್ಕೊಮ್ಮೆ, ಅದೇ ಮೂಲೆ, ಅದೇ ಚಾಪೆ, ತಲಾ 35 ನಿಮಿಷ. ಮುಗಿದ ಕೂಡಲೇ 15 ನಿಮಿಷ ಟಿಪ್ಪಣಿ. ಬಸ್ಸಿನಲ್ಲಿ ನೆನಪಿಸಿ ಬರೆದದ್ದನ್ನು ನಾನು ಓದುವುದಿಲ್ಲ. 'ಸಿಟ್ಟಿನಲ್ಲಿತ್ತು' ಎಂದಿದ್ದರೆ ಗೀಟು ಹೊಡೆಯುತ್ತೇನೆ. 'ಕಾಗದವನ್ನು ಎಡಗೈಯಲ್ಲಿ 3 ಸಲ ದೂಡಿತು' ಎಂದಿರಬೇಕು.

ಮಂಗಳೂರಿಂದ ಬರುವ ವಿದ್ಯಾರ್ಥಿಗಳಿಗೆ ಕನ್ನಡ, ತುಳು ಉಂಟು. ಮಲಯಾಳದ ಮನೆಯ ಮಗು ಎದುರು ಕೂತರೆ ತಡಬಡಾಯಿಸುತ್ತಾರೆ. ಕನ್ನಡದ ಬೇಡ, ತುಳುವಿನ ಬೊಡ್ಚಿ, ಮಲಯಾಳದ ವೇಂಡ, ಮೂರೂ ಮೊದಲ ದಿನಕ್ಕೇ ಕಿವಿಗೆ ತಾಗಬೇಕು. ಮಾತೇ ಇಲ್ಲದ ಮಗುವಿನ 'ಬೇಡ' ಕತ್ತಿನಲ್ಲೋ ಕಾಲ್ಬೆರಳಲ್ಲೋ ಇರುತ್ತದೆ. ಆ 4 ವಾರ ಹೋಗುವುದು ಅದನ್ನು ಹುಡುಕುವುದಕ್ಕೇ.

5ನೇ ವಾರ ಎರಡು ಬಣ್ಣ, ಅಡುಗೆಮನೆಯವು. ಒಂದು ಲೋಟ ಮೈದಾವನ್ನು 3 ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಮಗುಚಬೇಕು. ಎರಡು ಚಮಚ ಅರಸಿನ. ಅರ್ಧ ಪಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇಟ್ಟಿಗೆಗೆಂಪು. ಸುಣ್ಣ ಹಾಕಿದರೂ ಕೆಂಪೇ, ಆದರೆ ಚರ್ಮ ಸುಡುತ್ತದೆ. ನೀರಾದರೆ ಬಣ್ಣ ಓಡುತ್ತದೆ, ಅದರ ಹಿಂದೆ ಮಗುವೂ ಓಡುತ್ತದೆ; ಗಂಜಿಯಷ್ಟು ಗಟ್ಟಿಯಿದ್ದರೆ ಕೈ ನಿಧಾನವಾಗುತ್ತದೆ. ತಟ್ಟೆಗೆ ಅಡಿಕೆ ಹಾಳೆ, ಪುಕ್ಕಟೆ. ದಿನದ ಖರ್ಚು 30 ರೂಪಾಯಿ ಆಸುಪಾಸು. ಗೋಧಿ ಒಗ್ಗದ ಮಗುವಿದ್ದರೆ ಅಕ್ಕಿಹಿಟ್ಟು. ಮರುದಿನಕ್ಕೆ ಹುಳಿಯುತ್ತದೆ, ಇಡಬೇಡಿ.

ನಡುವೆ ಯಕ್ಷಗಾನದ ಬಣ್ಣಗಾರಿಕೆಯ ಯೋಚನೆಯೂ ಬಂದಿತ್ತು. ಅದರ ಕೆಂಪು ಬಣ್ಣವಾದ ಇಂಗಳೀಕದಲ್ಲಿ ಪಾದರಸ, ಬೆರಳು ಚೀಪುವ ಮಕ್ಕಳ ಹತ್ತಿರ ಸುಳಿಯಬಾರದು, ಅಲ್ಲಿಗೇ ಬಿಟ್ಟೆ. ಚೆಂಡೆ ಎರಡೇ ಏಟಿಗೆ ಕೋಣೆ ಖಾಲಿ ಮಾಡಿಸಿತು. ಮದ್ದಳೆಗೆ ಬೈರಾಸು (ಟವೆಲ್) ಹೊದಿಸಿ ಬೆರಳತುದಿಯಲ್ಲಿ ನುಡಿಸಿದರೆ ಬಂದು ಕೂರುತ್ತಾರೆ. ಯಾವ ತಾಳ ಎಂದು ಹೇಳುವುದಿಲ್ಲ, ಅದು ನಮ್ಮ ಬ್ಯಾಚಿನವರಿಗೆ ಮಾತ್ರ.

ಹೆಚ್ಚು ಕೆಡುವುದು ಕೊನೆಯಲ್ಲಿ. ಹೇಳದೆ ಹೊರಟುಹೋದ ಬ್ಯಾಚಿನ ನಂತರ ಮಕ್ಕಳು ಆ ಚಾಪೆಯ ಮೇಲೆ ಕೂರಲೇ ಇಲ್ಲ. ಈಗ ಒಟ್ಟು 16 ಭೇಟಿಗೆ ಸಿಪ್ಪೆ ಸಹಿತದ 16 ಗೋಟಡಿಕೆ ಡಬ್ಬದಲ್ಲಿ; ಸಲಕ್ಕೊಂದನ್ನು ಮಗುವೇ ತೆಗೆದು ಬುಟ್ಟಿಗೆ ಹಾಕುತ್ತದೆ. ಡಬ್ಬ ಅಲ್ಲಾಡಿಸಿದರೆ ಎಷ್ಟು ಉಳಿದಿದೆ ಎಂದು ಕಣ್ಣು ಕಾಣದ ಮಗುವಿಗೂ ಗೊತ್ತಾಗುತ್ತದೆ. ಮಳೆಗಾಲದ ಬ್ಯಾಚಾದರೆ ಅಡಿಕೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಡಬ್ಬದೊಳಗೆ ಬೂಸುರು ಹಿಡಿಯುತ್ತದೆ.