ಪಾಳಣಾಘರದ ಲೆಕ್ಕ

ಪುಣೆಯ ವಾರ್ಜೆ ಕಡೆ ಬೆಳಿಗ್ಗೆ ಎಂಟಕ್ಕೆ ಬಂದರೆ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರ್ ಅಡ್ಡಾ ತುಂಬಿರುತ್ತದೆ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಮಾತು ಅಲ್ಲಿ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಆ ಕೂಲಿಯವರು ಇರುವ ತಗಡಿನ ಪತ್ರಾ ಶೆಡ್ಡುಗಳ ವಸತಿಯೊಂದರಲ್ಲಿ ನಮ್ಮ ಸಂಸ್ಥೆ ಪಾಳಣಾಘರ ನಡೆಸುತ್ತಿದೆ. ತಾಯಂದಿರು ದುಡಿಯಲು ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ಜಾಗ. ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಬಿಗಾರಿ ಕೆಲಸಕ್ಕೆ ಹೋಗುವವರಿಗೆ ಆ ಕೋಣೆ ಎಲ್ಲಿ ಸಿಗಬೇಕು?

ಎರಡನೇ ವರ್ಷ ಮೌಲ್ಯಮಾಪನದ ಕೆಲಸ ನನ್ನ ಪಾಲಿಗೆ ಬಂತು. ನಲವತ್ತೆರಡು ಪ್ರಶ್ನೆಗಳ ಫಾರ್ಮು ಹಿಡಿದು ಮನೆ ಮನೆಗೆ ಹೋದೆ. ಏನು ಕೇಳಿದರೂ ಒಂದೇ ಉತ್ತರ: "ಎಲ್ಲಾ ಛಲೋ ಅದ ರೀ ಅಕ್ಕಾ." ಆದರೆ ಹಾಜರಿ ಪುಸ್ತಕ ನೋಡಿದರೆ ಅರ್ಧ ಮಕ್ಕಳೂ ಇಲ್ಲ. "ಪಾಲಕರಲ್ಲಿ ಅರಿವಿನ ಕೊರತೆ" ಎಂದು ವರದಿಯಲ್ಲಿ ಬರೆದುಬಿಟ್ಟೆ. ಆ ಸಾಲು ನೆನಪಾದರೆ ಈಗಲೂ ನಾಚಿಕೆ.

ವರದಿ ಕಳಿಸುವ ಮೊದಲು ಸುಮ್ನೆ ಒಂದು ಸಲ ವಸತಿಗೆ ಹೋಗಿದ್ದೆ. ಅಲ್ಲಿನ ಹಿರಿಯಾಕೆಯೊಬ್ಬರು ಕೇಳಿದರು: "ನಮ್ಮೂರಾಗ ಖಾತ್ರಿ ಕೆಲಸದ ಲೆಕ್ಕ ಗ್ರಾಮಸಭಾದಾಗ ಓದಿ ಹೇಳ್ತಾರ. ನೀವು ಬರಕೊಂಡು ಹೋಗ್ತೀರಿ, ಓದಿ ಹೇಳಂಗಿಲ್ಲ. ಯಾಕ?" 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಗ್ರಾಮಸಭೆಗೆ ಲೆಕ್ಕ ಕೇಳುವ ಅಧಿಕಾರ ಕೊಟ್ಟಿತ್ತು ಎಂದು ನಾನು ತರಬೇತಿಯಲ್ಲಿ ಕಲಿತಿದ್ದೆ. ಆಕೆ ಸಭೆಯಲ್ಲಿ ಕೂತು ನೋಡಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಫಾರ್ಮು ಬದಿಗಿಟ್ಟೆ. ಅಮಾವಾಸ್ಯೆ ದಿನ ಈ ವಸತಿಯವರು ಕೆಲಸಕ್ಕೆ ಹೋಗುವುದು ಕಡಿಮೆ. ಅವತ್ತು ಆ ಹಿರಿಯಾಕೆಯನ್ನೂ ಇನ್ನು ನಾಲ್ಕು ಮಂದಿಯನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ಪಾಳಣಾಘರ ಛಲೋ ನಡೆದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಮಕ್ಕಳ ತೂಕ, ಊಟ, ಚೊಕ್ಕಟ ಅನ್ನುತ್ತಾರೆ ಅಂದುಕೊಂಡಿದ್ದೆ. "ದೊಡ್ಡ ಹುಡುಗಿ ಸಾಲಿಗಿ ಹೋದ್ರ" ಎಂದರು ಒಬ್ಬಾಕೆ. ಉಳಿದವರೂ ತಲೆಯಾಡಿಸಿದರು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಡ್ಡಾಕ್ಕೆ ಹೊರಡುವುದು ಏಳೂವರೆಗೆ. ನಮ್ಮ ಬಾಗಿಲು ತೆಗೆಯುವುದು ಹತ್ತಕ್ಕೆ. ನಡುವಿನ ಎರಡೂವರೆ ತಾಸು ಕೂಸು ಅಕ್ಕನ ಸೊಂಟದ ಮೇಲೆ. ಹತ್ತಕ್ಕೆ ಅದನ್ನು ನಮ್ಮಲ್ಲಿ ಬಿಟ್ಟು ಹೋದರೂ ಆಕೆಯ ಶಾಲೆ ಶುರುವಾಗಿ ಬಹಳ ಹೊತ್ತಾಗಿರುತ್ತಿತ್ತು. ತಡವಾಗಿ ಹೋಗಿ ಬೈಸಿಕೊಳ್ಳುವ ಬದಲು ಅವಳು ಮನೆಯಲ್ಲೇ ಉಳಿಯುತ್ತಿದ್ದಳು. ಅವಳು ಮನೆಯಲ್ಲೇ ಇದ್ದಮೇಲೆ ಕೂಸನ್ನು ಪಾಳಣಾಘರಕ್ಕೆ ಯಾಕೆ ಕಳಿಸಬೇಕು, ಅಲ್ವಾ? ನನ್ನ ನಲವತ್ತೆರಡು ಪ್ರಶ್ನೆಗಳಲ್ಲಿ ಅಕ್ಕಂದಿರ ಬಗ್ಗೆ ಒಂದೂ ಇರಲಿಲ್ಲ.

ಆಮೇಲೆ ಎಲ್ಲರ ಅಭಿಪ್ರಾಯ ತಿಳಿಯಲು ಹುಣಸೆ ಬೀಜ ಹಾಕಿಸಿದೆವು. ಒಬ್ಬೊಬ್ಬರಿಗೆ ಹತ್ತು ಬೀಜ. ಊಟ, ವೇಳೆ, ಪಾಳಣಾಘರದಲ್ಲಿ ಕೂಸು ನೋಡಿಕೊಳ್ಳುವ ಮಾವಶಿಯರ ರೀತಿ, ಜಾಗ ಎಂದು ನಾಲ್ಕು ಬಟ್ಟಲು. ಎಲ್ಲಿ ಸುಧಾರಿಸಬೇಕೋ ಅಲ್ಲಿ ಜಾಸ್ತಿ ಹಾಕಬೇಕು. ಮೊದಲ ಸಲ ಕೆಟ್ಟಿತು. ಕೂಲಿಯವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮ ಕುರ್ಚಿ ಹಾಕಿಕೊಂಡು ಎದುರಿಗೇ ಕೂತ. ಮೊದಲನೆಯಾಕೆ ಅವನ ಮುಖ ನೋಡಿ ಊಟದ ಬಟ್ಟಲಿಗೆ ಹತ್ತೂ ಸುರಿದಳು. ಹಿಂದಿನವರೂ ಹಾಗೇ ಮಾಡಿದರು. ಮುಂದಿನ ವಾರ ಬಟ್ಟಲು ತೆಗೆದು ಬಾಯಿ ಸಣ್ಣದಿರುವ ಮಡಕೆ ಇಟ್ಟೆವು, ಸೀರೆ ಕಟ್ಟಿ ಮರೆ ಮಾಡಿದೆವು, ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆವು. ಮಡಕೆ ಬೋರಲು ಹಾಕಿದಾಗ ವೇಳೆಯ ಮಡಕೆಯ ಬೀಜ ಎಣಿಸಲಿಕ್ಕೇ ಹೊತ್ತು ಹಿಡಿಯಿತು. ಊಟದ ಮಡಕೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ಮುಕಾದಮನನ್ನು ಬಿಟ್ಟುಬಿಡಲಿಲ್ಲ, ಬೇರೆ ದಿನ ಚಹಾ ಕುಡಿಸಿ ಬೇರೆಯಾಗಿ ಮಾತಾಡಿಸಿದೆವು. ಎಲ್ಲರನ್ನೂ ಒಂದೇ ಸಭೆಯಲ್ಲಿ ಕೂರಿಸುವುದು ನೋಡಲು ಚಂದ, ಆದರೆ ಮಾತಾಡುವವರು ಇಬ್ಬರು ಮೂವರೇ.

ಇಷ್ಟಾದರೂ ಒಬ್ಬರನ್ನು ಮರೆತಿದ್ದೆವು. ಬೇಗ ತೆಗೆಯಬೇಕು ಎಂದು ಎಲ್ಲರೂ ಒಪ್ಪಿದ ದಿನ ಮಾವಶಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಮರಾಠಿಯವರು, ಮಾತೆಲ್ಲ ಕನ್ನಡದಲ್ಲಿ ನಡೆದಿತ್ತು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, ಏಳೂವರೆಗೆ ಇಲ್ಲಿರಬೇಕಾದರೆ ತಾನು ಆರೂವರೆಗೆ ಮನೆ ಬಿಡಬೇಕು, ಪಗಾರ ಅಷ್ಟೇನಾ ಎಂದು ಕೇಳಿದರು. ನ್ಯಾಯವಾದ ಮಾತು. ದುಡ್ಡು ಕೊಡುವವರಿಗೆ ಬರೆದೆವು. "ಬಜೆಟ್ಟಿನಲ್ಲಿ ಇಲ್ಲ" ಎಂದು ಉತ್ತರ ಬಂತು. ಮೂರು ತಿಂಗಳು ಎಳೆದಾಡಿ, ನಾವು ಫಾರ್ಮು ಅಚ್ಚು ಹಾಕಿಸಲು ಇಟ್ಟಿದ್ದ ಹಣವನ್ನೇ ಅವರ ಪಗಾರಕ್ಕೆ ತಿರುಗಿಸಿಕೊಂಡೆವು.

ಅರಿವಿನ ಕೊರತೆಯ ಸಾಲು ಹೊಡೆದುಹಾಕಿ ವರದಿ ಹೊಸದಾಗಿ ಬರೆದೆ. ಅದನ್ನು ಕನ್ನಡದಲ್ಲೂ ಮರಾಠಿಯಲ್ಲೂ ವಸತಿಯಲ್ಲಿ ಜೋರಾಗಿ ಓದಿದೆ. ಹಾಲಿನ ಪುಡಿಯ ಖರ್ಚು ಬಂದಾಗ ಇಬ್ಬರು ತಡೆದು, ಎಷ್ಟು ಡಬ್ಬಿ ಎಂದು ಕೇಳಿದರು. ಬಿಲ್ಲು ತೋರಿಸಬೇಕಾಯಿತು.

ಈಗ ಬಾಗಿಲು ಏಳೂವರೆಗೆ ತೆಗೆಯುತ್ತದೆ. ಮಾವಶಿಯ ಬಸ್ಸು ತಡವಾಗುವುದುಂಟು, ಅದಕ್ಕೆ ಒಂದು ಕೀಲಿಕೈ ಆ ಹಿರಿಯಾಕೆಯ ಹತ್ತಿರ ಇರುತ್ತದೆ.